ಸನ್ಮಾನದ ಉಡಿ

ಮಧ್ಯಾಹ್ನ ಮೂರು ಗಂಟೆಗೆ ಇನ್ನು ಹತ್ತು ನಿಮಿಷವಿತ್ತು. ಗಡಿಯಾರ ನನ್ನೆದುರಿನ ಗೋಡೆಯ ಮೇಲಿತ್ತು. ಊರ ಗೌಡರು ಅದನ್ನು ಅದೇ ದಿನ ಶಾಲೆಗೆ ಕೊಟ್ಟಿದ್ದರಿಂದ ಅದಕ್ಕೂ ಒಂದು ಚೆಂಡುಹೂವಿನ ಹಾರ ಹಾಕಿದ್ದರು. ಹಾರದ ನಡುವಿನಿಂದ ಮುಳ್ಳುಗಳನ್ನು ನೋಡುತ್ತ ಭಾಷಣ ಇನ್ನೆಷ್ಟು ಹೊತ್ತು ನಡೆದೀತು ಎಂದು ಯೋಚಿಸುತ್ತಿದ್ದೆ. ಆಗ ಮಣೆಯ ಮೇಲೆ ಕೂತಿದ್ದ ನಮ್ಮ ಶಾಲೆಯ ಅಕ್ಕೋರು ತಮ್ಮ ಎಡಗಿವಿಯ ಬೆಂಡೋಲೆಯನ್ನು ಮುಟ್ಟಿದರು. ಸ್ವಲ್ಪ ಬಿಟ್ಟು ಮತ್ತೆ ಮುಟ್ಟಿದರು. ಅವರ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ವೇದಿಕೆಯ ಮೇಲೆ ಶಾಲಾ ತಪಾಸಣೆಯ ಸಾಹೇಬರು ಸ್ತ್ರೀಯರ ಸಹನಶಕ್ತಿಯ ಬಗ್ಗೆ ಮಾತಾಡುತ್ತಿದ್ದರು.

ಎರಡನೆಯ ಮಹಾಯುದ್ಧ ಇನ್ನೂ ಮುಗಿಯದ ವರ್ಷಗಳ ಮಾತು ಇದು. ಇವತ್ತಿಗೂ ಯಾವ ಗೋಡೆಯ ಮೇಲಾದರೂ ಮುಳ್ಳುಗಳು ಆ ಜಾಗಕ್ಕೆ ಬಂದರೆ ನನ್ನ ಅಂಗೈ ತಣ್ಣಗಾಗುತ್ತದೆ.

ಹೋದ ತಿಂಗಳು ಸವಣೂರಿನ ಅದೇ ಶಾಲೆಯಲ್ಲಿ ಅಕ್ಕೋರ ಭಾವಚಿತ್ರ ತೂಗುಹಾಕಿದರು. ಅವರು ತೀರಿಕೊಂಡದ್ದು ಮಳೆಗಾಲದ ಜ್ವರದಿಂದ. ನಾನು ಹೇಳಲಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಮಾತಾಡಿದವರೊಬ್ಬರು ಎದೆ ಮುಟ್ಟಿಕೊಂಡು, ಈ ಊರು ಆ ತಾಯಿಯನ್ನು ಉಡಿ ತುಂಬಿ ಗೌರವಿಸಿತ್ತು ಎಂದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಆ ಉಡಿಯನ್ನು ಹರಿದ ಕೈ ನನ್ನದು. ಚಪ್ಪಾಳೆ ನಿಲ್ಲುವ ಮೊದಲೇ ಎದ್ದು ಹೊರಗೆ ಬಂದೆ. ಬಂದವಳು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನೂ ಅಕ್ಕೋರೇ, ಆದರೆ ನಾನು ಸಣ್ಣಕ್ಕೋರು, ಅವರು ದೊಡ್ಡಕ್ಕೋರು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಹಾನಗಲ್ಲಿನ ನಮ್ಮ ಮನೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಬಂದಾಗ ಸವಣೂರಿನಲ್ಲಿ ನನಗೆ ಯಾರೂ ಮನೆ ಕೊಡಲಿಲ್ಲ. ಒಂಟಿ ಹುಡುಗಿ, ಅದರಲ್ಲೂ ಕಾಲೇಜು ಕಲಿತವಳು. ದೊಡ್ಡಕ್ಕೋರು ತಮ್ಮ ಎರಡು ಖೋಲಿಯ ಮನೆಯಲ್ಲಿ ಒಂದು ಖೋಲಿ ಬಿಟ್ಟುಕೊಟ್ಟರು. ಕೊಡುವ ಮೊದಲು ಹೊಸ್ತಿಲ ಹೊರಗೇ ನಿಲ್ಲಿಸಿ ಹೇಳಿದರು:

"ನೋಡವಾ, ಒಳಗ ಬರೂಕಿಂತ ಮೊದಲ ತಿಳ್ಕೊ. ನನ್ನ ಹೊಟ್ಟಿ ಮ್ಯಾಲ ಒಂದು ತೂತೈತಿ. ಉಳಿದಾವ್ರಿಗೆ ಕೆಳಗಿರೋ ದಾರಿ ನನಗ ಅಲ್ಲೈತಿ. ನಾತ ಬರ್ತೈತಿ. ಬಂದ್ರ ಬಂತಂತ ಹೇಳು, ಕಿಡಕಿ ತಗೀತೇನಿ. ಮೂಗಿಗೆ ಸೆರಗು ಹಿಡಕೊಂಡು ಒಳಗೊಳಗ ನಗಬ್ಯಾಡ."

"ಇಲ್ಲರಿ ಅಕ್ಕೋರ, ನಾತ ಏನಿಲ್ಲರಿ," ಎಂದೆ.

"ನೀ ಇನ್ನೂ ಹೊರಗ ನಿಂತೀದಿ. ಒಳಗ ಬಂದು ಹೇಳು," ಎಂದು ನನ್ನ ಹಾಸಿಗೆ ಸುರುಳಿಯನ್ನು ಕಾಲಿನಿಂದಲೇ ಒಳಗೆ ತಳ್ಳಿದರು.

ಕೆಲವು ವರ್ಷಗಳ ಹಿಂದೆ ಅವರ ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆಯಾಗಿ, ಹೊಟ್ಟೆ ಉಬ್ಬಿ, ಸಾಯುವ ಸ್ಥಿತಿಯಾಗಿತ್ತಂತೆ. ರೈಲಿನಲ್ಲಿ ಹೋಗಬೇಕಾದ ಒಂದು ದೊಡ್ಡ ದವಾಖಾನೆಯಲ್ಲಿ ಗಡ್ಡೆ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಕ್ಕೆ ಹೊರಗೆ ತಂದು ಹೊಲಿದು ಕಳಿಸಿದ್ದರು. ಕೆಂಪಗೆ, ಒದ್ದೆಯಾಗಿ, ಎಳೆಮಗುವಿನ ತುಟಿಯ ಹಾಗಿದ್ದ ಒಂದು ಬಾಯಿ ಅದು. ಅದನ್ನು ತಡೆಹಿಡಿಯಲು ಆಗುವುದಿಲ್ಲ. ಬಂದಾಗ ಬರುತ್ತದೆ. ಅದಕ್ಕೆ ಕಟ್ಟುವ ರಬ್ಬರಿನ ಚೀಲ ಪರದೇಶದಲ್ಲಿ ಸಿಗುತ್ತದೆಂದು ಡಾಕ್ಟರು ಹೇಳಿದ್ದರಂತೆ. ಸವಣೂರಿನಲ್ಲಿ ಸಿಗುವುದು ವೀಳ್ಯದೆಲೆ. ಅಕ್ಕೋರು ತಮಗೆ ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿ ಇರುತ್ತದಲ್ಲ, ಹಾಗೆ ಹಳೆಯ ಧೋತರದ ಅರಿವೆ ಸುತ್ತಿ ಒಂದು ಸಣ್ಣ ಬಳೆ ಹೊಲಿದು ಆ ಬಾಯಿಯ ಸುತ್ತ ಇಡುತ್ತಿದ್ದರು. ಅದರ ಮೇಲೆ ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಹಚ್ಚಿ ನುಣುಪು ಮಾಡಿದ ಅರ್ಧ ತೆಂಗಿನ ಚಿಪ್ಪು. ಅದರ ಮೇಲೊಂದು ಅರಿವೆಯ ಪಟ್ಟಿ, ಸಡಿಲಾಗಿ. ಸಡಿಲಾಗಿಯೇ ಕಟ್ಟಬೇಕೆಂದು ಡಾಕ್ಟರು ಕೈ ಹಿಡಿದು ಹೇಳಿದ್ದರು. ಇಂಥ ಮೂರು ಚಿಪ್ಪುಗಳು ಅವರ ಹಿತ್ತಲಿನ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಬಿದ್ದಿರುತ್ತಿದ್ದವು.

ಆ ಬಾಯಿಗೆ ಅವರು ಇಟ್ಟ ಹೆಸರು ಇನ್ಸ್‌ಪೆಕ್ಟರ್. "ಮೊದಲ ಹೇಳಿ ಬರೂದಿಲ್ಲ, ಬಂದ್ರ ಹೊಲಸು ಮಾಡದ ಹೋಗೂದಿಲ್ಲ, ಅದಕ್ಕ," ಅನ್ನುತ್ತಿದ್ದರು. ವರ್ಗದ ನಡುವೆ ಎಡಗಿವಿಯ ಬೆಂಡೋಲೆ ಮುಟ್ಟಿದರೆ ನಾನು ಹೋಗಿ ಅವರ ಹುಡುಗಿಯರನ್ನು ನೋಡಿಕೊಳ್ಳಬೇಕು. "ಇನ್ಸ್‌ಪೆಕ್ಟರ್ ಸಾಹೇಬ್ರು ದಯಮಾಡ್ಸ್ಯಾರ, ಮಗ್ಗಿ ಹೇಳ್ಸು" ಎಂದು ಹಿತ್ತಲಿಗೆ ನಡೆಯುತ್ತಿದ್ದರು.

ಹುಡುಗಿಯರಿಂದ ಅವರು ಇದನ್ನು ಮುಚ್ಚಿಡಲಿಲ್ಲ. ಶಿಗ್ಗಾಂವಿಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದ ಒಬ್ಬಳು, ನಿಮ್ಮ ಕರುಳು ಹೊರಗ ಐತಂತ ನಮ್ಮಜ್ಜಿ ಅಂತಾಳ, ಖರೇನ್ರಿ, ಎಂದು ಕೇಳಿಯೇಬಿಟ್ಟಳು. ಅಕ್ಕೋರು ಹೊಲಿಗೆ ವರ್ಗದಲ್ಲಿದ್ದ ಒಂದು ಪೋಲಕ ತೆಗೆದುಕೊಂಡು ಅದರ ತೋಳನ್ನು ತೋರಿಸಿದರು. "ಇದು ಕರುಳು. ಇದರ ತುದಿ ಮಡಚಿ ಹೊರಗ ಹೊಲದಾರ, ಇಷ್ಟ. ಮೈಯಾಗ ಎಲ್ಲಾರಿಗೂ ಐತಿ, ನಿಮ್ಮಜ್ಜಿಗೂ ಐತಿ. ಅಕಿದು ಕಾಣಸೂದಿಲ್ಲ." ಆಮೇಲೆ ತೋಳನ್ನು ಒಳಗಿನಿಂದ ಸರಕ್ಕನೆ ಹೊರಗೆ ಎಳೆದು, "ಹಿಂಗ ಪೂರಾ ತಿರುವಿ ಹೊರಗ ಬಂತಂದ್ರ ಮಾತ್ರ ಕಠಿಣ" ಎಂದರು. ಹುಡುಗಿಯರು ನಕ್ಕರು. ನಾನೂ ನಕ್ಕೆ.

ಊರು ಮಾತ್ರ ನಗಲಿಲ್ಲ. ಸೇದುವ ಬಾವಿಯ ಕಟ್ಟೆಗೆ ಅವರು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು. ಅವರು ಸೇದಿ ಮುಗಿಸಿದ ಮೇಲೆ ಕಟ್ಟೆಗೆ ನೀರು ಸುರಿದು ತೊಳೆಯುತ್ತಿದ್ದರು. ಅವರು ಇನ್ನೂ ನಾಲ್ಕು ಹೆಜ್ಜೆ ಹೋಗಿರುವಾಗಲೇ, ಸಪ್ಪಳ ಕೇಳಲೆಂದೇ. ಮುತ್ತೈದೆಯರ ಅರಿಷಿಣ-ಕುಂಕುಮಕ್ಕೆ ಅವರನ್ನು ಕರೆಯುವುದು ಶಸ್ತ್ರಕ್ರಿಯೆಯ ವರ್ಷದಿಂದಲೇ ನಿಂತಿತ್ತು. ಗಂಡ ಅದೇ ವರ್ಷ ಹಂಸಭಾವಿಯ ಕಡೆ ಇನ್ನೊಂದು ಮನೆ ಮಾಡಿದ. ಅಕ್ಕೋರು ದಿನಾ ಮುಂಜಾನೆ ರೂಪಾಯಿ ಅಗಲದ ಕುಂಕುಮ ಇಟ್ಟುಕೊಳ್ಳುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಅಂವ ಬಿಟ್ಟಾನ, ನಾ ಹಣೀ ಬಿಟ್ಟಿಲ್ಲ" ಎಂದರು.

ಅವರ ಹುಟ್ಟೂರು ಅಬಲೂರು. ಸಿಟ್ಟು ಬಂದರೆ ಆ ಊರಿನ ಮಾತು ಪೂರ್ತಿ ಬಾಯಿಗೆ ಬರುತ್ತಿತ್ತು. ಅವರಿಗೆ ಬಹಳ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ನಮ್ಮ ಶಾಲೆ ನಾಲ್ಕನೆಯ ಇಯತ್ತೆಗೆ, ಎಂದರೆ ನಾಲ್ಕನೆಯ ತರಗತಿಗೆ, ಮುಗಿಯುತ್ತಿತ್ತು. ಚಲೋ ಓದುವ ಹುಡುಗಿ ಮುಂದಿನ ಮಾಘ ಮಾಸದಲ್ಲಿ ಬಾಸಿಂಗ ಕಟ್ಟಿಕೊಂಡು ಬೇರೆ ಊರಿನ ಒಲೆಯ ಮುಂದೆ ಕೂತಿರುತ್ತಿದ್ದಳು. ಐದನೆಯ ಇಯತ್ತೆ ತೆರೆಯಿರಿ ಎಂದು ಅಕ್ಕೋರು ಶಾಲಾ ಕಮಿಟಿಯ ಮುಖ್ಯಸ್ಥರಾದ ಗೌಡರ ಬೆನ್ನು ಬಿದ್ದಿದ್ದರು. ಗೌಡರು, ಸಾಹೇಬರ ಪರವಾನಗಿ ಬೇಕು ಅನ್ನುತ್ತಿದ್ದರು. ಸಾಹೇಬರು, ಕಮಿಟಿಯ ಮನಸ್ಸಿರಬೇಕು ಅನ್ನುತ್ತಿದ್ದರು.

ಶಾಲೆಗೆ ಹೊಸ ಕೋಣೆ ಕಟ್ಟಿ ಅದರ ಮೇಲೆ ಗೌಡರ ತಂದೆಯ ಹೆಸರು ಬರೆಸಿದಾಗ, ತೆರೆಯುವ ಸಮಾರಂಭಕ್ಕೆ ಸಾಹೇಬರು ಬರುವುದೆಂದಾಯಿತು. ಸಾಹೇಬರು ದೊಡ್ಡಕ್ಕೋರ ಹೆಸರು ಕೇಳಿದ್ದರು, ಅವರಿಗೊಂದು ಸನ್ಮಾನ ಮಾಡಿರಿ ಎಂದು ಹೇಳಿಕಳಿಸಿದ್ದರು. ಅದಕ್ಕೆ ಊರಿನ ಮುತ್ತೈದೆಯರಿಗೆ ಅಕ್ಕೋರ ಮೇಲೆ ಒಮ್ಮೆಲೇ ಭಕ್ತಿ ಬಂತು. ಹಿಂದಿನ ದಿನ ಗೌಡಶಾನಿ, ಎಂದರೆ ಗೌಡರ ಹೆಂಡತಿ, ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಮಾತಾಡಿದರು.

"ಅಕ್ಕೋರ, ನಾಳೆ ನಿಮಗ ಉಡಿ ತುಂಬ್ತೇವ್ರಿ. ಐದು ಮಂದಿ ಮುತ್ತೈದ್ಯಾರು ಬರ್ತಾರ. ಒಂದು ಮಾತು ಹೇಳ್ತೇನಿ, ತಪ್ಪು ತಿಳ್ಕೋಬ್ಯಾಡ್ರಿ."

"ಹೇಳ್ರಿ."

"ನಿಮ್ಮ ಅದನ್ನ ಜರಾ ಬಿಗದು ಕಟ್ಕೊಂಡು ಬರ್ರಿ. ದೊಡ್ಡ ಮಂದಿ ಬರ್ತಾರ. ನಡುವ ಏನರ ಆತಂದ್ರ ನಮ್ಮ ಮನೆತನದ ಮರ್ಯಾದಿ."

"ಗೌಡಶಾನ್ಯಾರ, ಬಾಯಿ ಅಲ್ಲೇನ್ರಿ ಅದು. ಕಟ್ಟಿದ್ರ ಸುಮ್ನ ಕುಂದ್ರತೈತಿ ಅಂತೀರೇನು? ನಮ್ಮ ನಿಮ್ಮ ಬಾಯೇ ಕುಂದ್ರವಲ್ಲವು."

ಗೌಡಶಾನಿ ನಗಲಿಲ್ಲ. "ಐದನೇ ಇಯತ್ತೆ ಮಾತು ನಾಳೆ ಸಾಹೇಬ್ರ ಮುಂದ ಇವರು ತಗೀಬೇಕಂತ ಮಾಡ್ಯಾರ. ನೋಡ್ರಿ ಮತ್ತ," ಎಂದು ಹೋದರು.

ನಾನು ಆ ರಾತ್ರಿ ವಾದ ಮಾಡಿದೆ. ಡಾಕ್ಟರು ಏನು ಹೇಳಿದ್ದರೆಂದು ನೆನಪಿಸಿದೆ. ಅಕ್ಕೋರು ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಮಡಿಕೆಗಳನ್ನು ಕೈಯಿಂದ ತೀಡುತ್ತಿದ್ದರು. ಐದನೆಯ ಇಯತ್ತೆ ಒಂದು ಕಾರಣ, ಸರಿ. ಆದರೆ ಅದೊಂದೇ ಅಲ್ಲ. ಅಷ್ಟು ವರ್ಷಗಳ ಮೇಲೆ ಯಾರೋ ಅವರಿಗೆ ಉಡಿ ತುಂಬುವವರಿದ್ದರು. ಅದಕ್ಕಾಗಿ ಅವರೊಳಗೆ ಎಷ್ಟು ಆಸೆ ಇತ್ತೆಂದು ಆ ಸೀರೆಯ ಮೇಲೆ ಓಡಾಡುತ್ತಿದ್ದ ಕೈ ನೋಡಿ ತಿಳಿಯಿತು. ನನ್ನ ಸಿಟ್ಟು ಇವತ್ತಿಗೂ ಆರದಿರುವುದು ಅದಕ್ಕೇ. ಆ ಜನ ಅವರ ಕರುಳನ್ನಷ್ಟೇ ಹಿಂಡಲಿಲ್ಲ.

ಮರುದಿನ ಅವರು ಮುಂಜಾನೆಯಿಂದ ಏನೂ ತಿನ್ನಲಿಲ್ಲ, ನೀರೂ ಕಡಿಮೆ ಕುಡಿದರು. ಸಿಂಬಿಯ ಮೇಲೆ ಚಿಪ್ಪಿಟ್ಟು ಪಟ್ಟಿಯನ್ನು ಎಂದಿಗಿಂತ ಬಿಗಿಯಾಗಿ ಎರಡು ಸುತ್ತು ಸುತ್ತಿದರು. ಮೇಲೆ ಕಚ್ಚೆ ಹಾಕಿದ ಸೀರೆ. ಸಮಾರಂಭದಲ್ಲಿ ಅವರನ್ನು ಮಣೆಯ ಮೇಲೆ ಕಾಲು ಮಡಚಿ ಕೂರಿಸಿದರು. ಉಡಿ ತುಂಬುವುದೆಂದರೆ ಸೆರಗನ್ನು ಮುಂದೆ ಹಿಡಿದು ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಕಣ ಹಾಕಿ ಸೊಂಟಕ್ಕೆ ಕಟ್ಟುವುದು. ಒಂದು ಹಿಡಿ ಅಕ್ಕಿ ಹಾಕಿದರೂ ಶಾಸ್ತ್ರ ಆಗುತ್ತದೆ. ಆದರೆ ಸಾಹೇಬರು ನೋಡುತ್ತಿದ್ದರಲ್ಲ. ಒಬ್ಬೊಬ್ಬ ಮುತ್ತೈದೆಯೂ ತನ್ನ ಮನೆತನಕ್ಕೆ ತಕ್ಕಂತೆ ಹಾಕಿದಳು. ಕಟ್ಟಿಟ್ಟ ಮೂಟೆಯ ಹಾಗೆ ಆ ಉಡಿ ತುಂಬಿತು. ಕೊನೆಗೆ ಗೌಡಶಾನಿ ಸೆರಗಿನ ಎರಡೂ ತುದಿ ಸೇರಿಸಿ, ಎಡಗಡೆಗೆ, ಸರಿಯಾಗಿ ಆ ಚಿಪ್ಪಿನ ಮೇಲೆ, ಗಂಟು ಹಾಕಿ ಎಳೆದರು.

"ಜರಾ ಸಡ್ಲ ಬಿಡ್ರಿ," ಎಂದು ಅಕ್ಕೋರು ಹೇಳಿದ್ದು ನನಗೆ ಕೇಳಿಸಿತು.

"ಸಡ್ಲ ಬಿಟ್ರ ಹೆಂಗರಿ? ಮನಿ ಮುಟ್ಟೋತನ ಒಂದು ಕಾಳು ಕೆಳಗ ಬೀಳಬಾರದು," ಎಂದು ಅವರು ಇನ್ನೊಮ್ಮೆ ಎಳೆದರು.

ಆಮೇಲೆ ಭಾಷಣಗಳು. ಗೌಡರು ತಮ್ಮ ತಂದೆಯ ಬಗ್ಗೆ ಮಾತಾಡಿದರು. ಐದನೆಯ ಇಯತ್ತೆಯ ಮಾತು ಬರಲಿಲ್ಲ. ಸಾಹೇಬರು ಎದ್ದು ನಿಂತು ಸಹನಶಕ್ತಿ ಶುರು ಮಾಡಿದರು. ಮೂರಕ್ಕೆ ಹತ್ತು ನಿಮಿಷವಿತ್ತು.

ನಾನು ಬಗ್ಗಿಕೊಂಡು ಮಣೆಯ ಹತ್ತಿರ ಹೋದೆ. "ಇನ್ಸ್‌ಪೆಕ್ಟರೇನ್ರಿ?" ಎಂದೆ ಮೆಲ್ಲಗೆ.

"ಅಲ್ಲ," ಎಂದರು. ಅವರ ದನಿಯಲ್ಲಿ ಗಾಳಿಯೇ ಇರಲಿಲ್ಲ. "ತೋಳು ತಿರುವಿ ಹೊರಗ ಬಂದೈತಿ. ಚಿಪ್ಪಿನಾಗ ತುಂಬೇತಿ. ಸಿಂಬಿ ಅದರ ಕುತ್ತಿಗಿ ಹಿಡದೈತಿ."

ಗೌಡಶಾನಿಗೆ ಹೇಳಿದೆ. ಉಡಿ ಬಿಚ್ಚಬೇಕು, ಈಗಲೇ. ಅವರು ನನ್ನ ಮುಖ ನೋಡದೆ, ವೇದಿಕೆಯ ಕಡೆಗೇ ನಗುಮುಖ ಇಟ್ಟುಕೊಂಡು, "ಭಾಷಣ ಮುಗೀಲಿ. ಸಭಾದಾಗ ಮುತ್ತೈದಿ ಉಡಿ ಬಿಚ್ತಾರೇನು, ಕಲ್ತಾಕಿ ಅಲ್ಲೇನು ನೀನು" ಎಂದರು. ಪಕ್ಕದವಳು, "ಒಂದೀಟು ತಡಕೊಳ್ಳಲಿ ತಗೋ, ಹಡೆಯೂ ಹೆಣ್ಣಮಕ್ಕಳು ತಡಕೊಂಡಿಲ್ಲೇನು" ಎಂದಳು. ಅಕ್ಕೋರ ತುಟಿ ಬಿಳಿಯಾಗಿತ್ತು. ಅವರು ಆಗಲೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸಾಹೇಬರು ಭೂಮಿತಾಯಿಯವರೆಗೆ ಬಂದಿದ್ದರು.

ನಾನು ಗಂಟಿಗೆ ಕೈ ಹಾಕಿದೆ. ಅದು ಬಿಚ್ಚಲಿಲ್ಲ, ಅಷ್ಟು ಬಿಗಿದಿದ್ದರು. ಸೆರಗಿನ ಬಾಯಿ ಹಿಡಿದು ಎರಡೂ ಕೈಯಿಂದ ಹರಿದೆ. ಇಳಕಲ್ ಸೀರೆಯ ಕೆಂಪು ಸೆರಗು ಪರ್ರನೆ ಹರಿಯಿತು. ಅಕ್ಕಿಯೆಲ್ಲ ಸುರಿಯಿತು. ತೆಂಗಿನಕಾಯಿ ಉರುಳುತ್ತ ಹೋಗಿ ಸಾಹೇಬರ ಮೇಜಿನ ಕಾಲಿಗೆ ಬಡಿದು ನಿಂತಿತು. ಸಾಹೇಬರು ಮಾತು ನಿಲ್ಲಿಸಿದರು.

ಒಬ್ಬಳು "ಅಯ್ಯ ಶಿವನ, ಅಕ್ಕಿ ಚೆಲ್ಲಿದಳು" ಎಂದಳು. ಇನ್ನೊಬ್ಬಳು ಗೌಡಶಾನಿಗೆ, "ನಿಮ್ಮ ಕೈಲಿ ತುಂಬಿದ್ದು ಹಿಂಗಾತಲ್ಲರಿ, ಏನು ಅಪಶಕುನ" ಎಂದಳು. ಅಷ್ಟು ಹೆಂಗಸರಲ್ಲಿ ಒಬ್ಬಳೂ ಅಕ್ಕೋರ ಮುಖ ನೋಡಲಿಲ್ಲ. ನೋಡಿದ್ದು ನೆಲವನ್ನು. ನಾನು ಎಷ್ಟೋ ಸಲ ಇದನ್ನು ನೆನೆಸಿಕೊಂಡಿದ್ದೇನೆ, ಯಾರಾದರೂ ಒಬ್ಬರು ನೋಡಿರಬಹುದೇ ಎಂದು. ಇಲ್ಲ.

ನಮ್ಮ ಹುಡುಗಿಯರೇ ಸುತ್ತ ಸೀರೆ ಹಿಡಿದು ಮರೆ ಮಾಡಿದರು. ಹೊಲಿಗೆ ವರ್ಗದ ಕತ್ತರಿ ತಂದುಕೊಟ್ಟರು. ಪಟ್ಟಿ ಕತ್ತರಿಸಿ ಚಿಪ್ಪು ಎತ್ತಿದಾಗ ಕಂಡದ್ದನ್ನು ನಾನು ಹೇಗೆ ಬರೆಯಲಿ. ಎಳೆಮಗುವಿನ ತುಟಿಯಂತಿದ್ದದ್ದು ಗೇಣುದ್ದ ಹೊರಗೆ ಬಂದು, ಚಿಪ್ಪಿನೊಳಗೆ ಸುತ್ತಿಕೊಂಡು, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಸಿಂಬಿ ಮಾಂಸದಲ್ಲಿ ಹೂತುಹೋಗಿತ್ತು. ಕತ್ತರಿಯ ತುದಿ ಅದರಡಿಗೆ ಹೋಗುತ್ತಿರಲಿಲ್ಲ.

"ಅರಿವಿ ಕತ್ತರಸು. ನನ್ನ ಕತ್ತರಸಬ್ಯಾಡ," ಎಂದರು ಅಕ್ಕೋರು, ಕಣ್ಣು ಮುಚ್ಚಿಕೊಂಡೇ.

ಸಿಂಬಿ ತುಂಡಾಯಿತು. ಆದರೆ ಬಾತ ಕರುಳು ಒಳಗೆ ಹೋಗಲಿಲ್ಲ. ಒದ್ದೆ ಅರಿವೆ ಹೊದಿಸಿ, ದವಾಖಾನೆಗೆ ಹೋಗಬೇಕು ಎಂದೆ. ಹೊರಗೆ ಗೌಡರ ಮೋಟಾರು ನಿಂತಿತ್ತು. ಪೆಟ್ರೋಲು ಸಿಗದ ಆ ಕಾಲದಲ್ಲಿ ನಡೆಯುತ್ತಿದ್ದ ಮೋಟಾರು ಅದೊಂದೇ. ಓಡಿಹೋಗಿ ಕೇಳಿದೆ.

"ಸಾಹೇಬ್ರನ್ನ ಯಲವಿಗಿ ಸ್ಟೇಶನ್ನಿಗೆ ಬಿಡಬೇಕಲ್ಲವಾ. ಅಷ್ಟ ಎಣ್ಣಿ ಐತಿ," ಎಂದರು ಗೌಡರು.

"ಅಕ್ಕೋರಿಗೂ ಯಲವಿಗಿ ಸ್ಟೇಶನ್ನಿಗೇ ಹೋಗಬೇಕ್ರಿ. ಅದ ಗಾಡಿ ಹಿಡೀಬೇಕು."

ಗೌಡರು ಒಮ್ಮೆ ಮೋಟಾರಿನೊಳಗಿನ ಹೊಸ ಗಾದಿ ನೋಡಿದರು, ಒಮ್ಮೆ ಸಾಹೇಬರ ಕಡೆ ನೋಡಿದರು. ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ಅವರು ಹೆಂಗ ಕುಂದ್ರತಾರವಾ ಜೋಡಿ," ಎಂದು ಗೌಡರು ಬಾಗಿಲು ಮುಚ್ಚಿದರು.

ಕಡೆಗೆ ಸಿಕ್ಕದ್ದು ಒಂದು ಟಾಂಗಾ. ಅದನ್ನು ಓಡಿಸುವ ಸಾಬರು ಮುದುಕರು, ಜಗಳಗಂಟರು ಎಂದೇ ಹೆಸರಾದವರು. ಬರುತ್ತೀರಾ, ನಾತ ಬರಬಹುದು ಎಂದು ನಾನು ಮೊದಲೇ ಹೇಳಿದೆ. "ದಿನಾ ಕುದರಿ ಹಿಂದ ಕುಂತು ದುಡೀತೇನಿ. ನಾತದ ಮಾತು ನನ್ನ ಮುಂದ ತಗೀತೀರಲ್ಲವಾ," ಎಂದು ಹುಲ್ಲಿನ ಚೀಲ ಹಾಸಿದರು. ದಪ್ಪ ಹುಣಸೆಮರಗಳನ್ನು ದಾಟಿ ಊರ ಹೊರಗೆ ಬಂದೆವು. ಪ್ರತಿ ಕುಳಿಗೆ ಅಕ್ಕೋರ ಹಲ್ಲು ಕಚ್ಚುವ ಸಪ್ಪಳ ಕೇಳುತ್ತಿತ್ತು. ನಾನು ಅರಿವೆಗೆ ನೀರು ಚಿಮುಕಿಸುತ್ತ, ಎತ್ತಿ ನೋಡುತ್ತ, ಮತ್ತೆ ಮುಚ್ಚುತ್ತ ಇದ್ದೆ. ತುದಿಯ ಕಡೆ ನೇರಳೆ ಹೋಗಿ ಕಪ್ಪಾಗುತ್ತಿತ್ತು.

ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರ್ನು ಕೇಳಿಸಿತು. ಸಾಬರು ಟಾಂಗಾ ಬದಿಗೆ ತೆಗೆದರು. ಗೌಡರ ಮೋಟಾರು ದಾಟಿತು. ಒಳಗೆ ಸಾಹೇಬರು ಒಬ್ಬರೇ ಇದ್ದರು. ಅವರ ಪಕ್ಕದ ಜಾಗದಲ್ಲಿ ಹಾರಗಳು ಕೂತಿದ್ದವು. ಧೂಳು ಬಂದು ಒದ್ದೆ ಅರಿವೆಗೆ ಅಂಟಿತು. ಸಾಬರು ನನಗೆ ಅರ್ಥವಾಗದ ಮಾತಿನಲ್ಲಿ ಬಹಳ ಹೊತ್ತು ಬೈದರು. ಅಕ್ಕೋರು, "ನನ್ನ ಪಾಲಿಂದೂ ಬೈರಿ," ಎಂದರು.

ರೈಲುಗಾಡಿ ತಡವಾಗಿತ್ತು, ಅದೊಂದು ಪುಣ್ಯ. ಯಲವಿಗಿ ಸ್ಟೇಶನ್ನಿನ ಕಲ್ಲು ಬೆಂಚಿನ ಮೇಲೆ ಅಕ್ಕೋರನ್ನು ಮಲಗಿಸಿದೆವು. ಸಾಹೇಬರು ಅತ್ತ ತುದಿಯಲ್ಲಿ ನಿಂತು ಸಿಗ್ನಲ್ಲು ನೋಡುತ್ತಿದ್ದರು. ಅಕ್ಕೋರು ತಲೆ ಎತ್ತಿ ಕರೆದರು. ಸಾಯುವ ಹೆಂಗಸಿನ ದನಿ ಅಲ್ಲ ಅದು. ಹಿಂದಿನ ಸಾಲಿನಲ್ಲಿ ಮಾತಾಡುವ ಹುಡುಗಿಯನ್ನು ಕರೆಯುವ ದನಿ.

"ಸಾಹೇಬ್ರ, ಇಲ್ಲೆ ಬರ್ರಿ."

ಸಾಹೇಬರು ಬಂದರು, ಎರಡು ಮಾರು ದೂರ ನಿಂತರು. "ಧೈರ್ಯ ತಂದುಕೊಳ್ಳಿರಿ ತಾಯಿ," ಎಂದರು.

"ಧೈರ್ಯ ಐತ್ರಿ. ಐದನೇ ಇಯತ್ತೆ ಇಲ್ಲ. ಪರವಾನಗಿ ಕೊಡ್ತೀರೇನು?"

"ಈಗ ಆ ಮಾತು ಯಾಕೆ, ಮೊದಲು ನೀವು ಗುಣವಾಗಿ..."

"ಗುಣ ಆಗಲಿಲ್ಲಂದ್ರ ಯಾರು ಕೇಳಬೇಕ್ರಿ? ಹೂಂ ಅನ್ರಿ, ಇಲ್ಲಾ ಉಂಹೂಂ ಅನ್ರಿ. ಅರಿವಿ ತಗದು ತೋರಸ್ಲೇನು, ನಿಮ್ಮ ಸಭಾದಾಗ ಏನಾಗೇತಂತ?"

ಅವರ ಕೈ ಆಗಲೇ ಅರಿವೆಯ ಅಂಚಿಗೆ ಹೋಗಿತ್ತು. ಸಾಹೇಬರು ಹಿಂದೆ ಸರಿದು, "ಆಯಿತು, ಆಯಿತು, ಕೊಟ್ಟೆ" ಎಂದರು.

"ಸಣ್ಣಕ್ಕೋರ, ಕೇಳಿದ್ರಿಲ್ಲ? ಮಾಸ್ತರ, ನೀವೂ ಕೇಳಿದ್ರಿ," ಎಂದು ಹಸಿರು ನಿಶಾನೆ ಹಿಡಿದು ನಿಂತಿದ್ದ ಸ್ಟೇಶನ್ ಮಾಸ್ತರರನ್ನೂ ಸಾಕ್ಷಿ ಮಾಡಿಕೊಂಡು ತಲೆ ಕೆಳಗಿಟ್ಟರು. ಆಮೇಲೆ ಗಾಡಿ ಬರುವವರೆಗೆ ನಾನು ಅವರ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ.

ದವಾಖಾನೆಯ ಡಾಕ್ಟರು ಅರಿವೆ ತೆಗೆದವರೇ ನನ್ನ ಕಡೆ ತಿರುಗಿ, "ಇಷ್ಟು ಬಿಗಿದು ಕಟ್ಟಿದವರು ಯಾರು? ಯಾತಕ್ಕೆ?" ಎಂದು ಗದರಿದರು. ಹೀಗೆ ಪೂರ್ತಿ ಹೊರಬಂದು ಕುತ್ತಿಗೆ ಬಿಗಿದದ್ದನ್ನು ತಮ್ಮ ಇಷ್ಟು ವರ್ಷಗಳಲ್ಲಿ ತಾವು ಕಂಡಿಲ್ಲ ಎಂದರು. ಮೇಜಿನ ಮೇಲಿಂದ ಅಕ್ಕೋರು ಹೇಳಿದರು:

"ನನಗ ಸನ್ಮಾನ ಮಾಡಿದ್ರರಿ."

ಕಪ್ಪಾದಷ್ಟನ್ನು ಕತ್ತರಿಸಿ, ಕೆಂಪಗೆ ಉಳಿದದ್ದನ್ನು ಮತ್ತೆ ಹೊಟ್ಟೆಗೆ ಹೊಲಿದರು. ಸ್ವಲ್ಪ ತಡವಾಗಿದ್ದರೆ ಕಪ್ಪು ಒಳಗೆ ಇಳಿಯುತ್ತಿತ್ತಂತೆ. ಆ ಸ್ವಲ್ಪ ಎಂದರೆ ಎಷ್ಟು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಮೋಟಾರಿನಲ್ಲಿ ಒಂದು ಜಾಗ, ಅಥವಾ ಭಾಷಣದ ಭೂಮಿತಾಯಿಯ ಭಾಗ, ಅಷ್ಟಿರಬಹುದು.

ಸವಣೂರಿಗೆ ಮರಳಿದಾಗ ಊರು ನನ್ನ ಮೇಲೆ ಸಿಟ್ಟಾಗಿತ್ತು. ಗೌಡಶಾನಿ ತುಂಬಿದ ಉಡಿಯನ್ನು ಹರಿದವಳು ನಾನು. ಬಾವಿಯ ಕಟ್ಟೆಯ ಮೇಲೆ ಈಗ ನನ್ನ ಕೊಡಕ್ಕೂ ಜಾಗವಿರಲಿಲ್ಲ. ಅಕ್ಕೋರ ಜೀವದ ಬಗ್ಗೆ ಯಾರೂ ಕೇಳಲಿಲ್ಲ. ಚೆಲ್ಲಿದ ಅಕ್ಕಿಯನ್ನು ಏನು ಮಾಡಿದಿರಿ, ಕೆರೆಗೆ ಬಿಟ್ಟಿರಾ ಎಂದು ಕೇಳಿದರು. ಐದನೆಯ ಇಯತ್ತೆ ಮಾತ್ರ ಶುರುವಾಯಿತು. ಸ್ಟೇಶನ್ ಮಾಸ್ತರರು ಆ ಮಾತನ್ನು ಯಲವಿಗಿಯ ಚಹಾದಂಗಡಿಯಿಂದ ಸವಣೂರಿನ ಸಂತೆಯವರೆಗೆ ತಲುಪಿಸಿದ್ದರು. ಸಾಹೇಬರಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ.

ನಮ್ಮಿಬ್ಬರ ರಾತ್ರಿಯ ನಿದ್ದೆ ಹಾರಿಹೋಯಿತು. ಅಕ್ಕೋರು ಒಂದು ಕೆಮ್ಮು ಕೆಮ್ಮಿದರೆ ನಾನು ಎದ್ದು ಕಂದೀಲು ಹಚ್ಚುತ್ತಿದ್ದೆ.

"ಕೆಂಪೈತೇನು?" ಎಂದು ಕೇಳುತ್ತಿದ್ದರು ಅವರು.

"ಕೆಂಪೈತ್ರಿ."

"ಆರಸು ಹಂಗಾರ. ಎಣ್ಣಿ ಸಿಗದ ಕಾಲ."

ಆರಿಸಿ ಮಲಗಿದರೂ ಇಬ್ಬರಿಗೂ ಕಣ್ಣು ಮುಚ್ಚುತ್ತಿರಲಿಲ್ಲ. ನನಗೆ ಸಿಂಬಿಯ ಕೆಳಗೆ ಹೋಗದ ಕತ್ತರಿಯ ತುದಿ ಕಾಣುತ್ತಿತ್ತು. ಅವರಿಗೆ ಏನು ಕಾಣುತ್ತಿತ್ತೋ. ಸ್ವಲ್ಪ ಹೊತ್ತಿಗೆ ಅವರೇ, "ಇನ್ನೊಮ್ಮೆ ನೋಡು" ಅನ್ನುತ್ತಿದ್ದರು.

ಒಂದು ದಿನ ಶಾಲೆ ಬಿಟ್ಟ ಮೇಲೆ ಐದನೆಯ ಇಯತ್ತೆಯ ಹುಡುಗಿಯರು ಒಂದು ಮಣ್ಣಿನ ಗಡಿಗೆ ಹೊತ್ತುಕೊಂಡು ಮನೆಗೆ ಬಂದರು. ಹಿಂದಿನಿಂದ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಕೊನೆಗೆ ಆ ಶಿಗ್ಗಾಂವಿಯ ಹುಡುಗಿಯೇ ಬಾಯಿ ಬಿಟ್ಟಳು.

"ಅಕ್ಕೋರ, ನಿಮ್ಮ ಉಡ್ಯಾಗಿನ ಅಕ್ಕಿರಿ. ಕೆರಿಗೆ ಒಗೀರಿ ಅಂದಿದ್ರು. ನಾವು ಪಾಟಿ ಇಡೋ ಪೆಟಿಗ್ಯಾಗ ಮುಚ್ಚಿ ಇಟ್ಟಿದ್ವಿರಿ. ಹಳ್ಳು ಆರಿಸೇವ್ರಿ."

ಅಕ್ಕೋರು ಗಡಿಗೆಯೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಬಿಟ್ಟರು. ಜೋಳದ ರೊಟ್ಟಿ ಮುಟ್ಟಬಾರದು, ಮೆತ್ತಗಿನ ಅನ್ನವನ್ನಷ್ಟೇ ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆ ಅಕ್ಕಿ ಹಬ್ಬಕ್ಕೆ ಕಾಣುವ ವಸ್ತು. ಯುದ್ಧದ ಕಾಲದಲ್ಲಿ ಅದೂ ಇಲ್ಲ. "ಉಡಿ ಅಕ್ಕಿ ಮನ್ಯಾಗ ಬೇಯಿಸಿ ಉಣಬೇಕು, ಅದ ಅಲ್ಲೇನು ಪದ್ಧತಿ?" ಎಂದರು. "ಹಚ್ಚು ಒಲಿ. ಇವರಿಗೂ ಇಡು. ಮುತ್ತೈದಿ ಉಡಿ ಐತಿ, ಒಂದು ಕಾಳು ಬಿಡಬ್ಯಾಡ್ರಿ."

ಮೆತ್ತಗೆ ಬೇಯಿಸಿ ಹಾಲು ಹಾಕಿ ಉಂಡೆವು. ಹುಡುಗಿಯರು ಹಿತ್ತಲ ಕಟ್ಟೆಯ ಮೇಲೆ ಚಿಪ್ಪುಗಳ ಪಕ್ಕದಲ್ಲೇ ಕೂತು ಉಂಡರು. ಅಕ್ಕೋರು ಎರಡು ಸಲ ಹಾಕಿಸಿಕೊಂಡರು. ಉಂಡು ಕೈ ತೊಳೆದ ಮೇಲೆ, ಹರಿದ ಇಳಕಲ್ ಸೆರಗಿನ ತುಂಡನ್ನು ಮಡಚಿ ತಲೆಯ ಕೆಳಗಿಟ್ಟುಕೊಂಡು ಮಲಗಿದರು.

ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾಯಿತು. ಬಿಸಿಲು ನನ್ನ ಹೊದಿಕೆಯ ಮೇಲಿತ್ತು. ಹೊರಗೆ ಹುಡುಗಿಯರು, ಶಾಲಿ ಗಂಟಿ ಬಾರಿಸಿ ಭಾಳ ಹೊತ್ತಾತ್ರಿ ಅಕ್ಕೋರ, ಎಂದು ಕೂಗುತ್ತಿದ್ದರು. ಗಾಬರಿಯಿಂದ ಪಕ್ಕಕ್ಕೆ ತಿರುಗಿ ನೋಡಿದೆ. ಅಕ್ಕೋರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದ ಕಂದೀಲಿನ ಗಾಜನ್ನು ಮುಟ್ಟಿದೆ. ತಣ್ಣಗಿತ್ತು; ರಾತ್ರಿಯೆಲ್ಲ ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ.